ಹಿಮ್ಮಡಿಯೋ ಮುಂಗಾಲೋ? ಮೊದಲು ದಾಪುಗಾಲು ನೋಡಿ

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಮನೆ ಡೊಂಬಿವಲಿ, ಕೆಲಸ ಮುಂಬೈಯ ಫೋರ್ಟ್ ಪ್ರದೇಶದ ಬ್ಯಾಂಕಿನಲ್ಲಿ. ಒಂದು ವರ್ಷದಿಂದ ಓಡುತ್ತಿದ್ದೇನೆ. ವಾರದಲ್ಲಿ ಮೂರು ದಿನ ಎಂಐಡಿಸಿ ರಸ್ತೆಯಲ್ಲಿ, ಭಾನುವಾರ ಗುಂಪಿನ ಜೊತೆ ಮರೀನ್ ಡ್ರೈವಿನಲ್ಲಿ. ಒಂದು ಕಿಲೋಮೀಟರಿಗೆ ಏಳೂವರೆ ನಿಮಿಷ ಬೇಕು. ಜನವರಿಯ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ನಾನು ಹಿಮ್ಮಡಿ ಊರಿ ಓಡುತ್ತೇನಂತೆ. ಹೀಗೇ ಓಡಿದರೆ ಮೊಣಕಾಲು ಹಾಳಾಗುತ್ತದೆ ಎಂದು ಗುಂಪಿನ ಹಿರಿಯರೊಬ್ಬರು ಹೇಳಿದರು. "ನಮ್ಮೂರ ಕಂಬಳದಲ್ಲಿ ಓಡುವವರನ್ನು ನೋಡಿ, ಯಾರಾದರೂ ಹಿಮ್ಮಡಿ ಊರುತ್ತಾರಾ?" ಎಂದರು. ಅವತ್ತಿನಿಂದ ಮುಂಗಾಲಿನ ಮೇಲೆ ಓಡುತ್ತಿದ್ದೇನೆ. ಹಿಮ್ಮಡಿ ತಗ್ಗಿರುವ ಹೊಸ ಶೂ ಕೂಡ ತಗೊಂಡೆ. ನಾಲ್ಕು ವಾರ ಆಯ್ತು. ಈಗ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಬಲಗಾಲಿನ ಹಿಮ್ಮಡಿಯಿಂದ ಎರಡು ಬೆರಳು ಮೇಲೆ ನರ ಹಿಡಿದ ಹಾಗೆ ನೋವು. ಮೀನಖಂಡ ಕಲ್ಲಿನ ಹಾಗಾಗಿದೆ. ಅಭ್ಯಾಸ ಆಗುವವರೆಗೆ ಇದೆಲ್ಲ ಇರುವುದೇ ಅನ್ನುತ್ತಾರೆ. ಮುಂದುವರಿಸಲಾ? ಮೊದಲು ನನಗೆ ಮೊಣಕಾಲು ನೋವು ಇರಲಿಲ್ಲ.

ಉತ್ತರ: ಮುಂದುವರಿಸಬೇಡಿ. ಹಳೆಯ ಶೂ ಇನ್ನೂ ಮನೆಯಲ್ಲಿದ್ದರೆ ನಾಳೆಯಿಂದಲೇ ಅದನ್ನು ಹಾಕಿಕೊಳ್ಳಿ. ಮೊದಲು ಹೇಗೆ ಓಡುತ್ತಿದ್ದಿರೋ ಹಾಗೇ ಓಡಿ, ಆದರೆ ಸದ್ಯಕ್ಕೆ ಕಡಿಮೆ ಓಡಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಕೊನೆಯ ಸಾಲು. ಮೊಣಕಾಲು ನೋವು ಇರಲಿಲ್ಲ. ಒಂದು ವರ್ಷ ಹಿಮ್ಮಡಿ ಊರಿ ಆರಾಮಾಗಿ ಓಡಿದ್ದೀರಿ. ಇಲ್ಲದ ನೋವಿಗೆ ಮದ್ದು ಮಾಡಲು ಹೋಗಿ ಹೊಸ ನೋವು ಬಂದಿದೆ. ನಿಮಗೆ ಸಲಹೆ ಕೊಟ್ಟ ಹಿರಿಯರು ಒಳ್ಳೆಯದಾಗಲಿ ಎಂದೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮಾತು ಮುಂಬೈಯ ಎಲ್ಲ ಓಟದ ಗುಂಪುಗಳಲ್ಲೂ ಓಡಾಡುತ್ತಿದೆ. ಇದನ್ನು ನಂಬಿ ನೋವು ತಂದುಕೊಂಡವರು ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಪ್ರತಿ ವರ್ಷ ಬರುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಲೋಕಲ್ ಟ್ರೈನಿನಲ್ಲಿ ನಿಂತಿರುವಾಗ ಬ್ಯಾಗು ಭಾರ ಅನ್ನಿಸಿದರೆ ಏನು ಮಾಡುತ್ತೀರಿ? ಈ ಹೆಗಲಿಂದ ಆ ಹೆಗಲಿಗೆ ಹಾಕುತ್ತೀರಿ. ಬ್ಯಾಗಿನ ತೂಕ ಒಂದು ಗ್ರಾಮೂ ಇಳಿದಿಲ್ಲ. ಹೆಗಲು ಮಾತ್ರ ಬದಲಾಗಿದೆ. ಓಟದಲ್ಲೂ ಹಾಗೇ. ಪ್ರತಿ ಹೆಜ್ಜೆಗೆ ನೆಲ ನಮ್ಮನ್ನು ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ಮೇಲಕ್ಕೆ ತಳ್ಳುತ್ತದೆ. ಆ ಬಲವನ್ನು ಕಾಲಿನ ಯಾವುದಾದರೂ ಒಂದು ಭಾಗ ಹೊರಲೇಬೇಕು. ಹಿಮ್ಮಡಿ ಮೊದಲು ಊರಿದರೆ ಮೊಣಕಾಲು ಮತ್ತು ತೊಡೆಯ ಮುಂಭಾಗ ಜಾಸ್ತಿ ಹೊರುತ್ತವೆ. ಮುಂಗಾಲು ಮೊದಲು ಊರಿದರೆ ಪಾದದ ಗಂಟು, ಮೀನಖಂಡ ಮತ್ತು ಅಕಿಲಿಸ್ ಜಾಸ್ತಿ ಹೊರುತ್ತವೆ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿ ಹಿಡಿದಿರುವ ದಪ್ಪ ಹುರಿಯೇ ಅಕಿಲಿಸ್. ನೀವು 'ನರ' ಎಂದು ಬರೆದದ್ದು ಅದನ್ನೇ. ನಮ್ಮ ಮನೆಗಳಲ್ಲಿ ಎಲ್ಲರೂ ಹಾಗೇ ಹೇಳುತ್ತೇವೆ, ಆದರೆ ಅದು ನರವಲ್ಲ, ಸ್ಪ್ರಿಂಗಿನ ಹಾಗೆ ಎಳೆದು ಬಿಡುವ ಹುರಿ.

ಒಂದು ವರ್ಷ ನಿಮ್ಮ ಮೊಣಕಾಲು ಈ ಹೊರೆಗೆ ಒಗ್ಗಿಕೊಂಡಿತ್ತು. ಒಂದೇ ದಿನದಲ್ಲಿ ನೀವು ಅದನ್ನು ಅಕಿಲಿಸ್‌ಗೆ ದಾಟಿಸಿದಿರಿ. ಜೊತೆಗೆ ಹೊಸ ಶೂ. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿಯ ಭಾಗ ಮುಂಗಾಲಿಗಿಂತ ಸುಮಾರು 8ರಿಂದ 12 ಮಿಲಿಮೀಟರ್ ಎತ್ತರ ಇರುತ್ತದೆ. ತಗ್ಗಿನ ಶೂನಲ್ಲಿ ಅದು 4 ಇರಬಹುದು, ಸೊನ್ನೆಯೂ ಇರಬಹುದು. ಹಿಮ್ಮಡಿ ಕೆಳಗಿಳಿದಷ್ಟೂ ಆ ಹುರಿ ಇನ್ನಷ್ಟು ಎಳೆಯುತ್ತದೆ. ಅಂದರೆ ಒಂದೇ ಹುರಿಯ ಮೇಲೆ ಒಂದೇ ವಾರದಲ್ಲಿ ಎರಡು ಹೊರೆ. ಸ್ನಾಯು ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಈ ಹುರಿಗೆ ತಿಂಗಳುಗಳು ಬೇಕು. ನಾಲ್ಕು ವಾರದಲ್ಲಿ ಅದು ಕೂಗಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಕಂಬಳದ ಮಾತು. ನಾನೂ ಕರಾವಳಿಯವಳೇ, ಕಂಬಳ ನೋಡಿ ಬೆಳೆದವಳು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು ಎಂದು ದೇಶವೆಲ್ಲ ಮಾತಾಡಿತ್ತು, ನೆನಪಿದೆಯಲ್ವಾ? ಅವರೆಲ್ಲ ಮುಂಗಾಲಿನ ಮೇಲೆ ಓಡುತ್ತಾರೆ, ನಿಜ. ಆದರೆ ಅದು ಹದಿನಾಲ್ಕು ಸೆಕೆಂಡಿನ ಓಟ. ಕಾಲಡಿಯಲ್ಲಿ ಕೆಸರು, ಮುಂದೆ ಎಳೆಯುವ ಕೋಣ. ನೂರು ಮೀಟರ್ ಓಟದ ಒಲಿಂಪಿಕ್ಸ್ ಓಟಗಾರರೂ ಹಿಮ್ಮಡಿ ಊರುವುದಿಲ್ಲ. ವೇಗ ಏರಿದಂತೆ ಪಾದ ತಾನಾಗಿ ಮುಂಗಾಲಿಗೆ ಬರುತ್ತದೆ. ನೀವೂ ಹೊರಟ ಟ್ರೈನು ಹಿಡಿಯಲು ಪ್ಲಾಟ್‌ಫಾರ್ಮಿನಲ್ಲಿ ಓಡುವಾಗ ಮುಂಗಾಲಿನ ಮೇಲೇ ಓಡುತ್ತೀರಿ, ಯಾರೂ ಹೇಳಿಕೊಟ್ಟಿಲ್ಲ. ಏರು ಹತ್ತುವಾಗಲೂ ಹಾಗೇ. ಇಳಿಯುವಾಗ ಹಿಮ್ಮಡಿ ಬರುತ್ತದೆ. ಪಾದ ಊರುವ ಬಗೆ ವೇಗಕ್ಕೆ, ನೆಲಕ್ಕೆ, ದಣಿವಿಗೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಹದಿನಾಲ್ಕು ಸೆಕೆಂಡಿನ ಓಟದ ಪಾಠವನ್ನು ಎರಡೂವರೆ ಗಂಟೆಯ ಓಟಕ್ಕೆ ತಂದರೆ ಕಾಲು ತಡೆದೀತಾ?

ದೂರದ ಓಟದಲ್ಲಿ ಜನ ನಿಜವಾಗಿ ಹೇಗೆ ಪಾದ ಊರುತ್ತಾರೆ ಎಂದು ಕ್ಯಾಮೆರಾ ಇಟ್ಟು ನೋಡಿದ್ದಾರೆ. ಜಪಾನಿನ ಸಪ್ಪೊರೊದಲ್ಲಿ 2004ರ ಹಾಫ್ ಮ್ಯಾರಥಾನಿನ 15ನೇ ಕಿಲೋಮೀಟರಿನಲ್ಲಿ 283 ಓಟಗಾರರನ್ನು ಚಿತ್ರೀಕರಿಸಿದರು. ಅವರೆಲ್ಲ ಒಳ್ಳೆಯ ವೇಗದ ಓಟಗಾರರು. ಅವರಲ್ಲಿ ಸುಮಾರು 75 ಶೇಕಡಾ ಜನ ಹಿಮ್ಮಡಿ ಊರುವವರು. ಮುಂಗಾಲು ಊರುವವರು 2 ಶೇಕಡಾ ಕೂಡ ಇರಲಿಲ್ಲ. ಮಿಕ್ಕವರು ಇಡೀ ಅಂಗಾಲು ಒಟ್ಟಿಗೆ ಊರುವವರು. 2017ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ಮ್ಯಾರಥಾನಿನಲ್ಲೂ ಹೀಗೇ ನೋಡಿದರು. ಪುರುಷರಲ್ಲಿ ಸುಮಾರು ಮೂರನೇ ಎರಡು ಭಾಗ, ಮಹಿಳೆಯರಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಜನ ಹಿಮ್ಮಡಿ ಊರುತ್ತಿದ್ದರು. ಇವರು ಜಗತ್ತಿನ ಅತ್ಯುತ್ತಮರು. ಹಿಮ್ಮಡಿ ಊರುವುದು ತಪ್ಪೇ ಆಗಿದ್ದರೆ ಇವರ ತರಬೇತುದಾರರು ಸುಮ್ನೆ ಬಿಡುತ್ತಿದ್ದರಾ?

ಹಾಗಾದರೆ ಈ ಮಾತು ಎಲ್ಲಿಂದ ಬಂತು? 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿದ ಕೀನ್ಯಾದ ಓಟಗಾರರು ಹೆಚ್ಚಾಗಿ ಮುಂಗಾಲು ಊರುತ್ತಾರೆ, ಆಗ ನೆಲ ಮುಟ್ಟಿದ ಕ್ಷಣದ ಆ ಮೊದಲ 'ಧಡ್' ಏಟು ಇರುವುದಿಲ್ಲ ಎಂದು ತೋರಿಸಿದರು. ಅದು ಸರಿಯಾದ ಅಧ್ಯಯನವೇ. ಆದರೆ ಅದನ್ನು ಓದಿದವರು 'ಎಲ್ಲರೂ ಹೀಗೇ ಓಡಬೇಕು' ಎಂದು ಅರ್ಥ ಮಾಡಿಕೊಂಡರು. 2013ರಲ್ಲಿ ಅದೇ ಕೀನ್ಯಾದ ಉತ್ತರದ ದಾಸನಾಚ್ ಎಂಬ ಜನರನ್ನು ಬೇರೆಯವರು ನೋಡಿದಾಗ, ಬರಿಗಾಲಲ್ಲೇ ಬದುಕುವ ಅವರಲ್ಲಿ ಹೆಚ್ಚಿನವರು ನಿಧಾನದ ಓಟದಲ್ಲಿ ಹಿಮ್ಮಡಿ ಊರುತ್ತಿದ್ದರು. ಬರಿಗಾಲಿನ ಮಾತು ಬಂದಾಗಲೆಲ್ಲ ಅಬೆಬೆ ಬಿಕಿಲಾ ಹೆಸರು ಬರುತ್ತದೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಅವರು ಬರಿಗಾಲಲ್ಲಿ ಗೆದ್ದರು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಶೂ ಹಾಕಿ ಮತ್ತೆ ಗೆದ್ದರು. ಆಗ ಮೂರು ನಿಮಿಷ ಬೇಗ ಮುಗಿಸಿದರು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2012ರಲ್ಲಿ ಹಾರ್ವರ್ಡ್‌ನ ಕಾಲೇಜು ಓಟಗಾರರ ಗಾಯಗಳ ಲೆಕ್ಕ ತೆಗೆದಾಗ ಹಿಮ್ಮಡಿ ಊರುವವರಲ್ಲಿ ಪದೇ ಪದೇ ಹೊರೆ ಬಿದ್ದು ಆಗುವ ಗಾಯಗಳು ಸುಮಾರು ಎರಡು ಪಟ್ಟು ಇದ್ದವು. ಅದು ಒಂದೇ ತಂಡ, 52 ಜನ. ಅದನ್ನು ತಳ್ಳಿಹಾಕುವುದಿಲ್ಲ. ಮೊಣಕಾಲಿನ ಚಿಪ್ಪಿನ ಸುತ್ತ ನೋವು ಬಿಡದೇ ಕಾಡುವವರಿಗೆ ನಾನೇ ಪಾದ ಊರುವ ಬಗೆಯನ್ನು ನಿಧಾನವಾಗಿ ಬದಲಿಸಿ ಕೊಟ್ಟಿದ್ದೇನೆ. ಅದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಿಮಗೆ ಆ ನೋವಿಲ್ಲ. ಹಾಗಾಗಿ ನಿಮಗೆ ಅದು ಬೇಡ.

ನಿಮ್ಮ ಓಟದಲ್ಲಿ ಸರಿಮಾಡುವುದು ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಹಳ ಜನರ ಹಿಮ್ಮಡಿಯಲ್ಲಿ ತಪ್ಪಿರುವುದಿಲ್ಲ. ತಪ್ಪಿರುವುದು ದಾಪುಗಾಲಿನಲ್ಲಿ. ಪಾದದ ಯಾವ ಭಾಗ ಮೊದಲು ಊರಿತು ಎನ್ನುವುದಕ್ಕಿಂತ ಪಾದ ದೇಹದಿಂದ ಎಷ್ಟು ಮುಂದೆ ಬಿತ್ತು ಎನ್ನುವುದು ದೊಡ್ಡದು. ಕಾಲನ್ನು ನೆಟ್ಟಗೆ ಚಾಚಿ, ದೂರಕ್ಕೆ ಎಸೆದು ಊರಿದರೆ ನೆಲ ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಪ್ರತಿ ಹೆಜ್ಜೆಗೂ ಬ್ರೇಕ್ ಒತ್ತಿ ಮತ್ತೆ ಗಾಡಿ ಹೊರಡಿಸಿದ ಹಾಗೆ. ಶಕ್ತಿಯೂ ಹೋಗುತ್ತದೆ, ಮೊಣಕಾಲಿಗೂ ಏಟು. ಅದೇ ಹಿಮ್ಮಡಿಯನ್ನು ಮೊಣಕಾಲು ಸ್ವಲ್ಪ ಮಡಿಸಿ, ದೇಹದ ಹತ್ತಿರ ಊರಿದರೆ ಯಾವ ತೊಂದರೆಯೂ ಇಲ್ಲ. ಮುಂಗಾಲು ಊರುವವರೂ ದಾಪುಗಾಲು ಹಾಕಬಹುದು. ಕಾಲ್ಬೆರಳು ಚೂಪು ಮಾಡಿ ಮುಂದಕ್ಕೆ ಚಾಚುತ್ತಾರಲ್ಲ, ಅದು ಇನ್ನೂ ಕೆಟ್ಟದ್ದು.

ನೋಡಿಕೊಳ್ಳುವುದು ಸುಲಭ. ಭಾನುವಾರ ಮರೀನ್ ಡ್ರೈವಿನಲ್ಲಿ ಗೆಳತಿಯ ಕೈಗೆ ಫೋನ್ ಕೊಡಿ. ಸ್ಲೋ ಮೋಷನ್ ಹಾಕಿ, ಸೊಂಟದ ಎತ್ತರಕ್ಕೆ ಹಿಡಿದು, ಪಕ್ಕದಿಂದ ತೆಗೆಯಲಿ. ಕನಿಷ್ಠ ಮೂರು ಕಿಲೋಮೀಟರ್ ಓಡಿದ ಮೇಲೆ ತೆಗೆಯಿರಿ, ಮೊದಲ ನಿಮಿಷದಲ್ಲಿ ಎಲ್ಲರೂ ಚೆನ್ನಾಗಿಯೇ ಓಡುತ್ತೇವೆ. ಪಾದ ನೆಲ ಮುಟ್ಟಿದ ಆ ಒಂದು ಕ್ಷಣದಲ್ಲಿ ನಿಲ್ಲಿಸಿ ನೋಡಿ. ಮೊಣಕಾಲಿನ ಕೆಳಗಿನ ಕಾಲು ನೆಲಕ್ಕೆ ಹೆಚ್ಚುಕಡಿಮೆ ನೇರವಾಗಿ ನಿಂತಿದ್ದರೆ ಸರಿ ಇದೆ. ಪಾದ ಮುಂದೆ ಹೋಗಿ ಮೊಣಕಾಲು ಹಿಂದೆ ಉಳಿದು, ಕಾಲು ಏಣಿ ಒರಗಿಸಿದ ಹಾಗೆ ಕಂಡರೆ ಅದು ದಾಪುಗಾಲು. ಸದ್ದನ್ನೂ ಕೇಳಿ. ಪಟಪಟ ಬಡಿಯುವ ಸದ್ದು ಜೋರಾಗಿದ್ದರೆ ಅದೂ ಒಂದು ಸೂಚನೆ.

ದಾಪುಗಾಲು ಕಂಡರೆ ಪಾದದ ಬಗ್ಗೆ ಯೋಚಿಸಬೇಡಿ. ಹೆಜ್ಜೆಯ ಲೆಕ್ಕವನ್ನು ಮಾತ್ರ ಸ್ವಲ್ಪ ಏರಿಸಿ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಂದು ಎಣಿಸಿ, ನಾಲ್ಕರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ. ಏಳೂವರೆ ನಿಮಿಷದ ವೇಗದಲ್ಲಿ ಅಂದರೆ ಒಂದೊಂದು ಹೆಜ್ಜೆ ಸುಮಾರು 85 ಸೆಂಟಿಮೀಟರ್. ಈಗ ಅದೇ 30 ಸೆಕೆಂಡಿನಲ್ಲಿ 41 ಮಾಡಿ. ಎರಡೇ ಎರಡು ಜಾಸ್ತಿ. ನಿಮಿಷಕ್ಕೆ 164 ಆಯ್ತು, 5 ಶೇಕಡಾ ಏರಿಕೆ. ವೇಗ ಅಷ್ಟೇ ಇಟ್ಟರೆ ಹೆಜ್ಜೆ ಸುಮಾರು 81 ಸೆಂಟಿಮೀಟರಿಗೆ ಇಳಿಯುತ್ತದೆ. ನಾಲ್ಕು ಸೆಂಟಿಮೀಟರ್, ಎರಡು ಬೆರಳಿನ ಅಗಲ. ಇಷ್ಟರಿಂದಲೇ ಪಾದ ದೇಹದ ಹತ್ತಿರ ಬರುತ್ತದೆ. ಹೆಜ್ಜೆಯ ಲೆಕ್ಕವನ್ನು 5ರಿಂದ 10 ಶೇಕಡಾ ಏರಿಸಿದರೆ ಮೊಣಕಾಲು ಮತ್ತು ಸೊಂಟದ ಕೀಲಿನ ಹೊರೆ ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2011ರಲ್ಲಿ ಅಳೆದು ತೋರಿಸಿದ್ದಾರೆ. ನಿಮ್ಮ ಹಿರಿಯರು ಕಾಪಾಡಬೇಕು ಎಂದುಕೊಂಡದ್ದೂ ಮೊಣಕಾಲನ್ನೇ. ಅದಕ್ಕೆ ಇದು ಸುರಕ್ಷಿತ ದಾರಿ.

ಗುಂಪಿನಲ್ಲಿ ಯಾರಾದರೂ '180 ಹೆಜ್ಜೆ ಇರಲೇಬೇಕು' ಎಂದರೆ ಗಾಬರಿಯಾಗಬೇಡಿ. ಆ ಲೆಕ್ಕ ತರಬೇತುದಾರ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಎಣಿಸಿದ್ದು. ಅವರು ಎಣಿಸಿದ ಓಟಗಾರರಲ್ಲಿ ಬಹುತೇಕ ಎಲ್ಲರೂ 180 ಅಥವಾ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಅವರು ಓಡುತ್ತಿದ್ದದ್ದು ಒಲಿಂಪಿಕ್ಸ್ ವೇಗದಲ್ಲಿ. ನಮ್ಮ ವೇಗ ಬೇರೆ, ಎತ್ತರ ಬೇರೆ. ನಿಮ್ಮ ಈಗಿನ ಲೆಕ್ಕವೇ ನಿಮಗೆ ಅಳತೆ. ಮೊದಮೊದಲು ಪ್ರತಿ ಐದು ನಿಮಿಷದ ಓಟದಲ್ಲಿ ಒಂದು ನಿಮಿಷ ಹೆಜ್ಜೆ ಏರಿಸಿ ಓಡಿ, ನಾಲ್ಕು ನಿಮಿಷ ಮರೆತುಬಿಡಿ. ಮೆಟ್ರೊನೋಮ್ ಆಪ್ ಇದ್ದರೆ ಒಳ್ಳೆಯದು, ಟಿಕ್ ಟಿಕ್ ಕೇಳಿಕೊಂಡು ಓಡಬಹುದು. ಸೊಂಟದಲ್ಲಿ ಬಾಗಬೇಡಿ. ಬಾಗುವುದಿದ್ದರೆ ಪಾದದ ಗಂಟಿನಿಂದ, ಇಡೀ ದೇಹ ಒಂದೇ ಕೋಲಿನ ಹಾಗೆ, ಕಂಡೂ ಕಾಣದಷ್ಟು. ಕೈ, ಭುಜ ಸಡಿಲ ಬಿಟ್ಟರೆ ಸಾಕು.

ಆದರೆ ಇದೆಲ್ಲ ಅಕಿಲಿಸ್ ಸಮಾಧಾನವಾದ ಮೇಲೆ. ಈ ನೋವಿಗೆ ಎರಡು ತಪ್ಪು ದಾರಿಗಳಿವೆ. ಒಂದು, ಹಲ್ಲು ಕಚ್ಚಿ ಓಡುವುದು. ಇನ್ನೊಂದು, ಪೂರ್ತಿ ಮಲಗಿಬಿಡುವುದು. ಹುರಿಗೆ ಹೊರೆ ಬೇಕು, ಆದರೆ ಹಿತವಾಗಿ ಬೇಕು.

ಎರಡು ವಾರ ವಾರಕ್ಕೆ ಮೂರೇ ದಿನ, ದಿನ ಬಿಟ್ಟು ದಿನ ಓಡಿ. 3 ಕಿಲೋಮೀಟರ್ ಸಾಕು, ಸಮತಟ್ಟಾದ ಜಾಗದಲ್ಲಿ. ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಆ ಮೊದಲ ಹತ್ತು ಹೆಜ್ಜೆಯೇ ನಿಮ್ಮ ವರದಿ. ಹಿಂದಿನ ದಿನಕ್ಕಿಂತ ಬಿಗಿ ಜಾಸ್ತಿ ಇದ್ದರೆ ಓಟ ಜಾಸ್ತಿಯಾಯಿತು ಎಂದರ್ಥ, ಕಡಿಮೆ ಮಾಡಿ. ಓಡದ ದಿನ ಗೋಡೆಗೆ ಕೈ ಇಟ್ಟು ಹಿಮ್ಮಡಿ ಎತ್ತುವ ವ್ಯಾಯಾಮ ಮಾಡಿ. ಎರಡೂ ಕಾಲಿನಲ್ಲಿ ಮೇಲೆದ್ದು, ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ. 15 ಸಲ, ಮೂರು ಸುತ್ತು. ನಂತರ ಮೊಣಕಾಲು ಸ್ವಲ್ಪ ಮಡಿಸಿ ಅದನ್ನೇ ಮಾಡಿ. ಮಡಿಸಿದಾಗ ಮೀನಖಂಡದ ಒಳಪದರ ಕೆಲಸ ಮಾಡುತ್ತದೆ, ಓಟದಲ್ಲಿ ಬಹುಪಾಲು ಹೊರುವುದು ಅದೇ. ಸುಲಭವಾದಾಗ ಒಂಟಿಕಾಲಿಗೆ ಹೋಗಿ, ಆಮೇಲೆ ಬೆನ್ನಿಗೆ ಚೀಲ ಹಾಕಿ ಅದರಲ್ಲಿ ಎರಡು ಕಿಲೋ ಅಕ್ಕಿ ಇಡಿ. ಈ ವ್ಯಾಯಾಮದ ಮೂಲ ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ. ಅವರದು ದಿನಕ್ಕೆ ಎರಡು ಬಾರಿ, 12 ವಾರ. ಬ್ಯಾಂಕು, ಮನೆ, ಎರಡೂ ಹೊತ್ತು ಲೋಕಲ್ ಎಂದು ಓಡಾಡುವವರಿಗೆ ಅಷ್ಟು ಸಮಯ ಎಲ್ಲಿ? ದಿನ ಬಿಟ್ಟು ದಿನ ಭಾರ ಹಾಕಿ ನಿಧಾನವಾಗಿ ಮಾಡಿದರೂ ಅಷ್ಟೇ ಗುಣ ಕಂಡಿದ್ದಾರೆ. ಆದರೆ 12 ವಾರ ಎನ್ನುವುದನ್ನು ಮಾತ್ರ ಕಡಿಮೆ ಮಾಡಬೇಡಿ. ನೋವು ನಾಲ್ಕನೇ ವಾರಕ್ಕೇ ಹೋಗಬಹುದು. ಹುರಿ ಅಷ್ಟು ಬೇಗ ಗಟ್ಟಿಯಾಗಿರುವುದಿಲ್ಲ.

ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಮುಂಗಾಲಷ್ಟೇ ಇಡಬೇಡಿ, ಇಡೀ ಪಾದ ಇಡಿ. ದಿನಕ್ಕೆ ನಾಲ್ಕು ಸಲ ಸೇತುವೆ ದಾಟುವವರಿಗೆ ಇದು ಸಣ್ಣ ವಿಷಯವಲ್ಲ. ಮನೆಯಲ್ಲೂ ಆಫೀಸಿನಲ್ಲೂ ಪೂರ್ತಿ ಚಪ್ಪಟೆ ಚಪ್ಪಲಿ ಬಿಟ್ಟು ಹಿಮ್ಮಡಿ ಸ್ವಲ್ಪ ಎತ್ತರ ಇರುವುದನ್ನು ಕೆಲವು ವಾರ ಹಾಕಿ. ಎಂಐಡಿಸಿ ರಸ್ತೆಯಲ್ಲಿ ಎದುರು ಬರುವ ವಾಹನ ಕಾಣಲಿ ಎಂದು ಬಲಬದಿಯಲ್ಲೇ ಓಡುತ್ತೀರಿ ಅಲ್ವಾ? ರಸ್ತೆಯ ಅಂಚು ಇಳಿಜಾರು, ಬಲಗಾಲು ಯಾವಾಗಲೂ ತಗ್ಗಿನಲ್ಲಿ. ನೋವು ಬಲಕ್ಕೇ ಬಂದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಒಳರಸ್ತೆಯಲ್ಲಿ, ನಡುಭಾಗ ಸಮತಟ್ಟಾಗಿರುವಲ್ಲಿ, ವಾಹನ ಇಲ್ಲದ ಹೊತ್ತಿನಲ್ಲಿ ಓಡಿ. ಎದ್ದು ಬಿದ್ದಿರುವ ಪೇವರ್ ಬ್ಲಾಕಿನ ಫುಟ್‌ಪಾತ್ ಸದ್ಯಕ್ಕೆ ಬೇಡ. ಇನ್ನೊಂದು ಮಾತು, ಇತ್ತೀಚೆಗೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಓಟ ಪೂರ್ತಿ ನಿಲ್ಲಿಸಿ ನಿಮ್ಮ ವೈದ್ಯರಿಗೆ ಹೇಳಿ. ಅವು ಈ ಹುರಿಯನ್ನು ದುರ್ಬಲ ಮಾಡಬಲ್ಲವು.

ಹಿಂದಿನಿಂದ ಯಾರೋ ಒದ್ದ ಹಾಗೆ 'ಟಪ್' ಎಂದು ಅನ್ನಿಸಿ, ಒಂಟಿ ಕಾಲಿನ ಮುಂಗಾಲಿನ ಮೇಲೆ ಏಳಲು ಆಗದಿದ್ದರೆ ಅದೇ ದಿನ ಮೂಳೆ ತಜ್ಞರ ಬಳಿ ಹೋಗಿ. ಒಂದೇ ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೂ ಕಾಯಬೇಡಿ. ಅದು ಓಟದ ನೋವಲ್ಲದಿರಬಹುದು, ರಕ್ತ ಹೆಪ್ಪುಗಟ್ಟಿರಬಹುದು.

ಇಷ್ಟು ಒತ್ತಿ ಹೇಳಲು ನನಗೆ ಸ್ವಂತ ಕಾರಣವಿದೆ. 2011ರಲ್ಲಿ ಬರಿಗಾಲಿನ ಓಟದ ಗಾಳಿ ಇಲ್ಲಿಗೂ ಬೀಸಿತ್ತು. ನಾನೂ ತೆಳು ಅಟ್ಟೆಯ ಶೂ ಹಾಕಿ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ಮುಂಗಾಲಿನ ಮೇಲೆ ಓಡಲು ಶುರು ಮಾಡಿದೆ. ಆರನೇ ವಾರ ಪಾದದ ಮೇಲ್ಭಾಗದಲ್ಲಿ ಒಂದೇ ಚುಕ್ಕೆಯಲ್ಲಿ ನೋವು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂರು ವಾರ ಬಿಟ್ಟು ತೆಗೆದಾಗ ಕಾಲ್ಬೆರಳ ಹಿಂದಿನ ಉದ್ದ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಆ ಜನವರಿಯ ಓಟವನ್ನು ನಾನು ರಸ್ತೆ ಬದಿಯಲ್ಲಿ ನಿಂತು ನೋಡಿದೆ, ಕಣ್ಣಲ್ಲಿ ನೀರು ಬಂತು. ನಿಮಗೆ ಹಾಗಾಗುವುದು ಬೇಡ.

ನಿಮಗೆ ಸಮಯ ಇದೆ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ, ಇನ್ನೂ ನಾಲ್ಕು ತಿಂಗಳು. ಮೊದಲ ತಿಂಗಳು ಹುರಿಗೆ ಕೊಡಿ. ಎರಡನೇ ತಿಂಗಳು ಹೆಜ್ಜೆಯ ಲೆಕ್ಕ ಶುರು ಮಾಡಿ, ಭಾನುವಾರದ ಓಟವನ್ನು ನಿಧಾನವಾಗಿ ಬೆಳೆಸಿ. ಏರು ರಸ್ತೆಯ ಅಭ್ಯಾಸ ಡಿಸೆಂಬರಿಗೆ ಮೊದಲು ಬೇಡ. ಪೆಡ್ಡರ್ ರೋಡಿನ ಏರು ಮುಂಬೈಯ ಓಟಗಾರರಿಗೆಲ್ಲ ಗೊತ್ತು, ಅಲ್ಲಿ ಪಾದ ತಾನಾಗಿ ಮುಂಗಾಲಿಗೆ ಬರುತ್ತದೆ, ಅಕಿಲಿಸ್ ಎಳೆಯುತ್ತದೆ. ಅಲ್ಲಿ ಹೆಜ್ಜೆ ಇನ್ನಷ್ಟು ಗಿಡ್ಡ ಮಾಡಿ, ಬೇಕಾದರೆ ನಡೆಯಿರಿ. ಹೊಸ ಶೂ ಎಸೆಯಬೇಡಿ. ಅದನ್ನು ಹಾಕಿಕೊಂಡು ಫೆಬ್ರವರಿಯಿಂದ ಮನೆ ಹತ್ತಿರ ದಿನಕ್ಕೆ ಹತ್ತು ನಿಮಿಷ ನಡೆಯಲು ಶುರು ಮಾಡಿ. ಇವತ್ತಿನಿಂದ ಆರು ವಾರದ ನಂತರ ಮರೀನ್ ಡ್ರೈವಿನ ವಿಡಿಯೊ ತೆಗೆದು, 30 ಸೆಕೆಂಡಿನ ಲೆಕ್ಕದ ಜೊತೆ ನನಗೆ ಕಳಿಸಿ. ನೋಡಿ ಹೇಳುತ್ತೇನೆ.